ಮೈಕಿನ ಮುಂದೆ ಎರಡನೆಯ ಭಾಷೆ

ಪ್ರಶ್ನೆ: ಮಾಸ್ತರರೇ, ನಮ್ಮ ಕ್ಲಬ್ಬಿನ ವಾಲಿಬಾಲ್ ಪಂದ್ಯಾಟಕ್ಕೆ ನಾನು ಪ್ರತಿವರ್ಷ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತೇನೆ. ಈ ಸಲ ಸಮಿತಿಯವರು, ‘ಮಲಯಾಳ ಎಲ್ಲರಿಗೂ ಅರ್ಥವಾಗುತ್ತದೆ, ಮತ್ತೆ ಕನ್ನಡ ಯಾಕೆ?’ ಎಂದರು. ಅಮೆರಿಕದಲ್ಲಿರುವ ನನ್ನ ಭಾವ, ಅಲ್ಲಿ ಬೇಸ್‌ಬಾಲಿಗೆ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಅರವತ್ತು ವರ್ಷ ರೇಡಿಯೋ ವಿವರಣೆ ಕೊಟ್ಟವರೊಬ್ಬರಿದ್ದಾರೆ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ನಿಜ, ಆದರೆ ನಿಮ್ಮ ಭಾವ ನಾಲ್ಕು ವರ್ಷ ಕಡಿಮೆ ಹೇಳಿದ್ದಾರೆ. ಅವರ ಹೆಸರು ಹೈಮೆ ಹರೀನ್. 1959ರಿಂದ 2022ರವರೆಗೆ, ಒಟ್ಟು 64 ಋತುಗಳ ಕಾಲ, ಲಾಸ್ ಏಂಜಲಿಸ್ ಡಾಡ್ಜರ್ಸ್ ಎಂಬ ಒಂದೇ ತಂಡದ ಆಟವನ್ನು ಸ್ಪ್ಯಾನಿಷಿನಲ್ಲಿ ವರ್ಣಿಸಿದರು. ನಾನು ಶಾಲೆಯಲ್ಲಿ ಪಾಠ ಮಾಡಿದ್ದು ಅದರ ಅರ್ಧದಷ್ಟು ವರ್ಷ; ಅಷ್ಟರಲ್ಲೇ ಗಂಟಲು ಕಟ್ಟಿತ್ತು.

ಅವರು ಹುಟ್ಟಿದ್ದು 1935ರಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ. ಅದು ಫುಟ್‌ಬಾಲಿನ ನಾಡು. ಹದಿನಾರರ ಹರೆಯದಲ್ಲೇ ರೇಡಿಯೋ ಸೇರಿದ ಹುಡುಗ 1955ರಲ್ಲಿ ಲಾಸ್ ಏಂಜಲಿಸ್‌ಗೆ ಬಂದಿಳಿಯುವವರೆಗೆ ಒಂದೇ ಒಂದು ಬೇಸ್‌ಬಾಲ್ ಆಟವನ್ನೂ ನೋಡಿರಲಿಲ್ಲ. 1958ರಲ್ಲಿ ಡಾಡ್ಜರ್ಸ್ ತಂಡ ನ್ಯೂಯಾರ್ಕಿನ ಬ್ರೂಕ್ಲಿನ್ ಬಿಟ್ಟು ಆ ಊರಿಗೆ ವಲಸೆ ಬಂತು. ಇವರಿದ್ದ ಸ್ಪ್ಯಾನಿಷ್ ಬಾನುಲಿಗೆ ಪ್ರಸಾರದ ಹಕ್ಕು ಸಿಕ್ಕಿತು, ವಿವರಣೆಗೆ ಇವರನ್ನೂ ಕರೆದರು. ‘ನನಗೆ ಈ ಆಟ ಇನ್ನೂ ಬಾರದು’ ಎಂದು ಇವರು ಒಂದು ವರ್ಷದ ಸಮಯ ಪಡೆದು ಆಟ ಕಲಿತರು. ಮೈಕ್ ಕಂಡೊಡನೆ ಕೈ ಚಾಚುವ ನಮ್ಮಂಥವರಿಗೆ ಇದು ಕೊಂಚ ಮುಜುಗರದ ಸಂಗತಿ.

ಮುಂದಿನದು ನಿಮ್ಮ ಪ್ರಶ್ನೆಗೆ ಹತ್ತಿರದ ಮಾತು. ಆರಂಭದ ವರ್ಷಗಳಲ್ಲಿ ತಂಡ ಪರ ಊರಿಗೆ ಹೋದಾಗ ಸ್ಪ್ಯಾನಿಷ್ ವಿವರಣೆಕಾರರು ಜತೆಗೆ ಹೋಗುತ್ತಿರಲಿಲ್ಲ. ಹರೀನ್ ಲಾಸ್ ಏಂಜಲಿಸ್ ಬಳಿಯ ಪಾಸಡೀನದ ಸ್ಟುಡಿಯೋದಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಏರಿಸಿ, ವಿನ್ ಸ್ಕಲ್ಲಿ ಎಂಬ ಹೆಸರಾಂತ ವಿವರಣೆಕಾರರ ಇಂಗ್ಲಿಷ್ ಮಾತನ್ನು ಕೇಳುತ್ತಾ ಅದೇ ಕ್ಷಣದಲ್ಲಿ ಸ್ಪ್ಯಾನಿಷಿನಲ್ಲಿ ಆಟ ಕಟ್ಟುತ್ತಿದ್ದರು. ಚೆಂಡಿಲ್ಲ, ದಾಂಡಿಲ್ಲ, ಎದುರಿಗೆ ಗೋಡೆ ಮಾತ್ರ. ಆ ಸ್ಕಲ್ಲಿಯವರೂ 1950ರಿಂದ 2016ರವರೆಗೆ ಅದೇ ತಂಡದ ಆಟ ಹೇಳಿದವರು. ನಮ್ಮ ತಾಳಮದ್ದಳೆಯಲ್ಲಿ ಭಾಗವತರು ಎರಡು ಸಾಲಿನ ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿ ಅದನ್ನೇ ಹಿಡಿದು ಕುರುಕ್ಷೇತ್ರವನ್ನು ಎದುರಿಗೆ ತಂದಿಡುತ್ತಾನೆ. ವೇಷವಿಲ್ಲ, ರಥವಿಲ್ಲ. ಅದನ್ನು ಅನುವಾದ ಎಂದು ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನಾಡಿನಲ್ಲಿ ಯಾರೂ ಕರೆಯುವುದಿಲ್ಲ.

ನಾನು ಮಾತ್ರ ಅನುವಾದಕ್ಕೆ ಹೊರಟು ಕೆಟ್ಟೆ. ಮುಳ್ಳೇರಿಯದ ಕಡೆ, ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ಪಂದ್ಯಾಟ. ಒಂದನೆಯ ಮೈಕಿನಲ್ಲಿ ಮಲಯಾಳದ ಗೆಳೆಯ, ಎರಡನೆಯದರಲ್ಲಿ ನಾನು. ‘ಅವರು ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿದರಾಯಿತು’ ಎಂಬುದು ಸಮಿತಿಯ ಅಪ್ಪಣೆ. ಟ್ಯೂಬ್‌ಲೈಟಿಗೆ ಮುತ್ತಿದ ಹುಳಗಳು ಕಾಗದದ ಮೇಲೆ ಉದುರುತ್ತಿದ್ದವು. ನಾನು ಅಂಕಣದ ಕಡೆ ನೋಡದೆ ಗೆಳೆಯನ ಬಾಯಿ ನೋಡುತ್ತಿದ್ದೆ. ಅವನು ‘ಔಟ್’ ಎಂದು ಮುಂದಿನ ಸರ್ವೀಸಿಗೆ ಹೋಗುವಾಗ ನನ್ನ ಕನ್ನಡದ ಚೆಂಡು ‘ಬಾನೆತ್ತರಕ್ಕೆ ಚಿಮ್ಮಿ’ ಅಲ್ಲೇ ನಿಂತಿರುತ್ತಿತ್ತು. ಎರಡನೆಯ ಸೆಟ್ಟಿನ ನಡುವೆ ಚರುಮುರಿ ಮಾರುವವನು ಕೂಗಿದ: ‘ಮಾಸ್ತರರೇ, ನಿಮ್ಮ ಚೆಂಡು ಇನ್ನೂ ಮೇಲೆಯೇ ಉಂಟೋ?’ ನಗದೆ ಉಳಿದವನು ನಾನೊಬ್ಬನೇ.

ನನಗೂ ಹರೀನ್ ಅವರಿಗೂ ವ್ಯತ್ಯಾಸ ಇಷ್ಟೇ. ಅವರು ಸ್ಕಲ್ಲಿಯವರ ಮಾತಿನ ಮೂಲಕ ಆಟವನ್ನು ಕಾಣುತ್ತಿದ್ದರು, ನಾನು ಆಟ ಕಣ್ಣೆದುರೇ ಇದ್ದರೂ ಗೆಳೆಯನ ಮಾತನ್ನೇ ಹಿಡಿದಿದ್ದೆ.

ಪದಗಳ ವಿಷಯದಲ್ಲೂ ಒಂದು ಮಾತು. ಸ್ಪ್ಯಾನಿಷಿನವರು ಚೆಂಡು ಎಸೆಯುವವನಿಗೆ ‘ಲಾನ್ಸಾದೋರ್’ ಎಂದು ತಮ್ಮದೇ ಪದ ಬಳಸುತ್ತಾರೆ. ಆದರೆ ಚೆಂಡನ್ನು ಬೇಲಿಯಾಚೆ ಹೊಡೆಯುವ ‘ಹೋಮ್ ರನ್’ ಎಂಬುದನ್ನು ಹಾಗೆಯೇ ಬಾಯಿಗೆ ಹಾಕಿಕೊಂಡು ಜಗಿದು ‘ಹೊನ್‌ರೋನ್’ ಮಾಡಿದ್ದಾರೆ, ನಾವು ಬಸ್ಸು, ಲಾರಿ ಮಾಡಿಕೊಂಡ ಹಾಗೆ. ನಾನು ಕ್ರಿಕೆಟ್ ವಿವರಣೆಯಲ್ಲಿ ಒಮ್ಮೆ ವಿಕೆಟಿಗೆ ‘ಹುದ್ದರಿ’ ಎಂದಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು, ಯಾರಿಗೆ ಯಾವ ಹುದ್ದೆ ಸಿಕ್ಕಿತು ಎಂದು ವಿಚಾರಿಸಿದರು. ಚೆಂಡು ಬೇಲಿ ದಾಟುವಾಗ ಹರೀನ್ ಅವರ ಬಾಯಲ್ಲಿ ಬರುತ್ತಿದ್ದದ್ದು ‘ಸೆ ವಾ, ಸೆ ವಾ, ಸೆ ವಾ’. ಅಂದರೆ ಹೋಗುತ್ತಿದೆ, ಹೋಗುತ್ತಿದೆ, ಹೋಗುತ್ತಿದೆ. ಕೊನೆಗೆ, ‘ಒಂದು ಮುತ್ತು ಕೊಟ್ಟು ಬೀಳ್ಕೊಡಿ’ ಎನ್ನುತ್ತಿದ್ದರು. ಇದು ಯಾವ ಇಂಗ್ಲಿಷಿನ ನೆರಳಿನಲ್ಲೂ ನಿಂತ ಮಾತಲ್ಲ. ಮನೆಯ ಮಾತು.

1962ರಿಂದ 1984ರವರೆಗೆ ಅವರು ಒಂದು ಆಟವನ್ನೂ ತಪ್ಪಿಸಲಿಲ್ಲ. 1998ರಲ್ಲಿ ಬೇಸ್‌ಬಾಲ್ ಪ್ರಸಾರಕರಿಗೆ ಸಲ್ಲುವ ದೊಡ್ಡ ಗೌರವವಾದ ಫೋರ್ಡ್ ಫ್ರಿಕ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ಹಿಡಿಸಿದ್ದು 1981ರ ಕಥೆ. ಮೆಕ್ಸಿಕೋದ ಹಳ್ಳಿಯಿಂದ ಬಂದ ಫರ್ನಾಂಡೋ ವಾಲೆನ್ಸುವೆಲಾ ಎಂಬ ಇಪ್ಪತ್ತರ ಎಸೆತಗಾರ ಆ ವರ್ಷ ಆರಂಭದ ಎಂಟೂ ಪಂದ್ಯ ಗೆದ್ದ. ಅವುಗಳಲ್ಲಿ ಐದರಲ್ಲಿ ಎದುರಾಳಿಗೆ ಒಂದು ಓಟವನ್ನೂ ಕೊಡಲಿಲ್ಲ. ಪತ್ರಕರ್ತರು ಮುತ್ತಿಕೊಂಡರು, ಹುಡುಗನಿಗೆ ಇಂಗ್ಲಿಷ್ ಬಾರದು. ಆಗ ಪಕ್ಕದಲ್ಲಿ ಕುಳಿತು ದುಭಾಷಿಯಾದವರು ಹರೀನ್. ಯಾರಿಗೂ ಬೇಡವೆನಿಸಬಹುದಾಗಿದ್ದ ಎರಡನೆಯ ಮೈಕಿನ ಮನುಷ್ಯ ಇಲ್ಲದೆ ಒಂದನೆಯ ಮೈಕಿನವರ ಕೆಲಸವೇ ಸಾಗದಾಯಿತು.

ಇನ್ನು ನಿಮ್ಮ ಸಮಿತಿಯ ವಿಚಾರ. ಜಗಳ ಬೇಡ. ಸಮಿತಿ ಎಂದಮೇಲೆ ನಾಳೆ ಚಂದಾ ಪುಸ್ತಕ ಹಿಡಿದು ನಿಮ್ಮ ಅಂಗಳಕ್ಕೂ ಬರುವವರೇ. ಅರ್ಥವಾಗುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಗಡಿನಾಡಿನಲ್ಲಿ ನಮಗೆ ಮಲಯಾಳ, ತುಳು ಎಲ್ಲ ಅರ್ಥವಾಗುತ್ತದೆ. ಇಂಗ್ಲಿಷ್ ಅರ್ಥವಾಗುತ್ತಿದ್ದವರಲ್ಲೂ ಹರೀನ್ ಅವರನ್ನೇ ಕೇಳುತ್ತಿದ್ದವರು ಇದ್ದರು. ಒಂದು ಸೆಟ್ ಕೇಳಿ ಪಡೆಯಿರಿ. ಪ್ರತಿ ಅಂಕಕ್ಕೂ ಸ್ಕೋರು ಹೇಳಿ. ಕಟ್ಟೆಯ ಹಿಂದೆ ಚಹಾ ಕುಡಿಯುವವನಿಗೆ ಬೇಕಾದದ್ದು ಅದೇ. ಕಣ್ಣು ಚೆಂಡಿನ ಮೇಲಿರಲಿ, ಪಕ್ಕದವನ ಬಾಯಿಯ ಮೇಲೆ ಬೇಡ. ಜನ ಬೊಬ್ಬೆ ಹೊಡೆಯುವಾಗ ನೀವು ಸುಮ್ಮನಿರಿ.

ಪ್ರಶ್ನೆ: ರೇಡಿಯೋ ಕೇಳುವವನು ಏನನ್ನೂ ನೋಡುವುದಿಲ್ಲ. ಮತ್ತೆ ‘ವೀಕ್ಷಕ ವಿವರಣೆ’ ಎಂಬ ಹೆಸರು ಯಾಕೆ ಮಾಸ್ತರರೇ?
– ಇನ್ನೊಬ್ಬ ಓದುಗರು, ಕುಂಬಳೆ

ಉತ್ತರ: ನೋಡುವ ಕೆಲಸ ಹೇಳುವವನದು ಎಂದು ಉತ್ತರಿಸಿ ಮುಗಿಸೋಣವೆಂದರೆ, ಪಾಸಡೀನದ ಸ್ಟುಡಿಯೋದಲ್ಲಿ ಕುಳಿತ ಹರೀನ್ ಅಡ್ಡ ಬರುತ್ತಾರೆ. ಅಲ್ಲಿ ಹೇಳುವವರೂ ನೋಡುತ್ತಿರಲಿಲ್ಲ! ಬೇರೆ ಹೆಸರು ಹೊಳೆದರೆ ಅಂಚೆಯಲ್ಲಿ ಕಳುಹಿಸಿ. ‘ಹುದ್ದರಿ’ಯಂಥದ್ದು ಮಾತ್ರ ಬೇಡ.