ಮಲ್ಪೆ ಮುಳುಗುವ ಮೊದಲು ಬಾವಿ ಉಪ್ಪಾಗುತ್ತದೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೈಜ್ಞಾನಿಕ ಕಾದಂಬರಿಯ (ಸೈಫೈ) ಬಗ್ಗೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ. ಹಾರುವ ತಟ್ಟೆ ನಿಜವೋ ಸುಳ್ಳೋ ಎಂದು ಕೇಳಿದವರು ಕ್ಷಮಿಸಬೇಕು, ಇದು ಕಥೆ ಕಟ್ಟುವವರ ಅಂಕಣ.

ಇಂಜಿನಿಯರಿಂಗ್ ಕೊನೆಯ ವರ್ಷ. ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ಕಿದೆ. ಆದರೆ ನನಗೆ ಪೂರ್ಣಾವಧಿ ಸೈಫೈ ಕಾದಂಬರಿಕಾರನಾಗುವ ಆಸೆ. ಕನ್ನಡದಲ್ಲಿ ಬರೆದೇ ಬದುಕಲು ಸಾಧ್ಯ ಉಂಟಾ?
(ವಿದ್ಯಾರ್ಥಿ, ಸುರತ್ಕಲ್)

ಲೆಕ್ಕ ಹಾಕಿ ನೋಡಿ. 200 ಪುಟದ ಕಾದಂಬರಿ, ಮುಖಬೆಲೆ 200 ರೂಪಾಯಿ, 1000 ಪ್ರತಿ, ಗೌರವಧನ ಶೇಕಡಾ 10 ಎಂದಿಟ್ಟುಕೊಳ್ಳಿ. ಕಟ್ಟಕಡೆಯ ಪ್ರತಿ ಮಾರಿಹೋದ ದಿನ ನಿಮ್ಮ ಕೈಸೇರಿದ್ದು ಒಟ್ಟು 20,000 ರೂಪಾಯಿ. ಬರೆಯಲು ಒಂದು ವರ್ಷ, ಮಾರಲು ಎರಡು ವರ್ಷ ಹಿಡಿದರೆ ತಿಂಗಳಿಗೆ 600 ರೂಪಾಯಿಯೂ ಬೀಳುವುದಿಲ್ಲ. ಕೆಲಸಕ್ಕೆ ಸೇರಿಕೊಳ್ಳಿ ಮಾರಾಯ್ರೇ.

ಈ ಕ್ಷೇತ್ರದಲ್ಲಿ ನೌಕರಿ ಇದ್ದೇ ಬರೆದವರು ಬಹಳ. ಅಮೆರಿಕದ ಸೈಫೈ ಲೇಖಕ ಐಸಾಕ್ ಅಸಿಮೋವ್ ಅವರ ಮೊದಲ ಕಥೆ ಅಚ್ಚಾದದ್ದು 1939ರಲ್ಲಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸುತ್ತಿದ್ದ ಅವರು ಪೂರ್ತಿ ಬರಹಕ್ಕೆ ಇಳಿದದ್ದು 1958ರಲ್ಲಿ. ತಮಿಳಿನ ಲೇಖಕ ಸುಜಾತಾ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರ್ ಆಗಿದ್ದರು. ಚೀನಾದ ಲಿಯು ತ್ಸಿಶಿನ್ ವಿದ್ಯುತ್ ಸ್ಥಾವರದ ಕಂಪ್ಯೂಟರ್ ಇಂಜಿನಿಯರ್ ಆಗಿದ್ದರು. ಜಯಂತ ನಾರ್ಳೀಕರ್ ಖಭೌತ ವಿಜ್ಞಾನಿಯಾಗಿದ್ದರು. ಅವರು 1974ರಲ್ಲಿ ಮರಾಠಿ ಕಥಾಸ್ಪರ್ಧೆಗೆ ಮೊದಲ ಕಥೆ ಕಳಿಸಿದ್ದು ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ. ತನ್ನ ಮೊದಲಕ್ಷರಗಳನ್ನೇ ತಿರುಗಿಸಿ ಕಟ್ಟಿದ ಹೆಸರು ಅದು. ವಿಜ್ಞಾನಿಯೆಂಬ ದಾಕ್ಷಿಣ್ಯಕ್ಕೆ ಒಳಗಾಗದೆ ತೀರ್ಪುಗಾರರು ಕಥೆಯನ್ನು ಕಥೆಯಾಗಿಯೇ ಓದಿದರು, ಬಹುಮಾನವೂ ಬಂತು.

ದಿನಕ್ಕೆ 300 ಪದ, ವಾರಕ್ಕೆ ಐದು ದಿನ, ವರ್ಷಕ್ಕೆ 40 ವಾರ ಬರೆದರೆ 60,000 ಪದ. ಕನ್ನಡದಲ್ಲಿ ಅದು ದಪ್ಪ ಕಾದಂಬರಿಯೇ. ‘ಹೋಗಿಬಿಟ್ಟಿದ್ದಾನಂತೆ’ ಎಂದು ನಾವು ಒಂದು ಪದದಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿಗೆ ಐದಾರು ಪದ ಬೇಕು. ಹಾಗಾಗಿ ಸೈಫೈಗೆ ಕೊಡುವ ಹ್ಯೂಗೊ ಪ್ರಶಸ್ತಿಯವರ ‘40,000 ಪದ ದಾಟಿದರೆ ಕಾದಂಬರಿ’ ಎಂಬ ಅಳತೆಯನ್ನು ಇಲ್ಲಿಗೆ ಹಾಗೆಯೇ ತರಬೇಡಿ. ಕನ್ನಡದಲ್ಲಿ 30,000 ಪದಕ್ಕೇ ಕಾದಂಬರಿಯ ಮೈ ಬಂದಿರುತ್ತದೆ.

ಹೊಸಬರು ಎಡವುವುದು ಮೊದಲ ಹೆಜ್ಜೆಯಲ್ಲಿ. ಮೂರು ಸಂಪುಟದ ಮಹಾಕಾದಂಬರಿಗೆ ಕೈಹಾಕಿ ಎಂಟನೆಯ ಅಧ್ಯಾಯದಲ್ಲಿ ನಿಲ್ಲುತ್ತಾರೆ. ಮೊದಲು 1,500ರಿಂದ 2,500 ಪದದ ಆರು ಕಥೆ ಬರೆದು ಪತ್ರಿಕೆಗಳಿಗೆ ಕಳಿಸಿ. ದೀಪಾವಳಿ ವಿಶೇಷಾಂಕಕ್ಕೆ ಎರಡು ಮೂರು ತಿಂಗಳ ಮೊದಲೇ ತಲುಪಬೇಕು, ನರಕ ಚತುರ್ದಶಿಯ ವಾರದಲ್ಲಿ ಕಳಿಸಿದ ಕಥೆಗೆ ಜಾಗ ಇರುವುದಿಲ್ಲ.

ನನ್ನ ಕಾದಂಬರಿಯಲ್ಲಿ 2050ಕ್ಕೆ ಮಲ್ಪೆ, ಉಡುಪಿಯ ರಥಬೀದಿ ಎಲ್ಲ ಸಮುದ್ರದ ಪಾಲು. ಓದಿದ ಸಂಪಾದಕರೊಬ್ಬರು ‘ನಂಬಲಿಕ್ಕಾಗುವುದಿಲ್ಲ’ ಎಂದು ವಾಪಸು ಕಳಿಸಿದರು. ಸೈಫೈಯಲ್ಲಿ ಕಲ್ಪನೆಗೂ ಲೈಸೆನ್ಸ್ ಬೇಕೇ?
(ಓದುಗರು, ಪಡುಬಿದ್ರಿ)

ಸಂಪಾದಕರು ಹೇಳಿದ್ದು ಸರಿ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಆರನೆಯ ವರದಿಯ ಪ್ರಕಾರ 2100ರ ಹೊತ್ತಿಗೆ ಜಾಗತಿಕ ಸರಾಸರಿ ಸಮುದ್ರಮಟ್ಟ ಏರುವ ಸಂಭವ ಸುಮಾರು 0.28ರಿಂದ 1.01 ಮೀಟರ್. ಅದೂ 2050ಕ್ಕಲ್ಲ, ಶತಮಾನದ ಕೊನೆಗೆ. ಇಷ್ಟಕ್ಕೆ ಉಡುಪಿಯ ರಥಬೀದಿ ಮುಳುಗುವುದಿಲ್ಲ. ನೀವು ಒಂದೇ ಏಟಿಗೆ ಊರನ್ನೇ ಮುಳುಗಿಸಿದ್ದರಿಂದ ಅದಕ್ಕೆ ಮೊದಲು ನಡೆಯುವ ಕಥೆಯೆಲ್ಲ ಕೈತಪ್ಪಿತು. ಊರು ಮುಳುಗುವುದಕ್ಕಿಂತ ಎಷ್ಟೋ ಮೊದಲು ಬಾವಿ ಉಪ್ಪಾಗುತ್ತದೆ.

ಅದು ಹೇಗೆಂದು ತಿಳಿದುಕೊಂಡರೆ ಅರ್ಧ ಕಾದಂಬರಿ ಅಲ್ಲೇ ಸಿಗುತ್ತದೆ. ಕಡಲಕರೆಯ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಸಾಂದ್ರತೆ 1 ಆದರೆ ಸಮುದ್ರದ ನೀರಿನದ್ದು 1.025. ಈ ಸಣ್ಣ ವ್ಯತ್ಯಾಸದಿಂದ ಒಂದು ಸೂತ್ರ ಹುಟ್ಟುತ್ತದೆ: ನೆಲದೊಳಗಿನ ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರದಲ್ಲಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಈಗ ಇದನ್ನು ತಿರುಗಿಸಿ ನೋಡಿ. ರೆಸಾರ್ಟಿನವರು ಪಂಪ್ ಹಾಕಿ ಆ ಮಟ್ಟವನ್ನು ಬರೇ ಅರ್ಧ ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು 20 ಅಡಿ ಮೇಲೇರುವ ದಾರಿ ಹಿಡಿಯುತ್ತದೆ. ಸಮುದ್ರದ ಮಟ್ಟ ಏರಿ, ಪಂಪೂ ನಿಲ್ಲದಿದ್ದರೆ ಎರಡೂ ಕಡೆಯಿಂದ ಇಕ್ಕಟ್ಟು. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಈ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಆದ್ದರಿಂದ ನಿಮ್ಮ ನಾಯಕಿಯ ಮನೆಯನ್ನು ಮರಳಿನ ಪಟ್ಟಿಯಲ್ಲೇ ಇಡಿ.

ನೀರು ಎಷ್ಟು ಕೆಡಬೇಕು? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 250, ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ 1000. ಅಂದರೆ 100 ಕೊಡ ಬಾವಿನೀರಿಗೆ ಎರಡು ಕೊಡ ಕಡಲ ನೀರು ಸೇರಿದರೆ 250ರ ಗೆರೆ ದಾಟಿತು. ಇದು ಮೊದಲು ಗೊತ್ತಾಗುವುದು ಮೇ ತಿಂಗಳಲ್ಲಿ, ಬಾವಿ ತಳಕಂಡಾಗ. ಮಳೆಗಾಲದಲ್ಲಿ ಸರಿಯಾಗಿ, ಮರುವರ್ಷ ಏಪ್ರಿಲಿನಲ್ಲೇ ಕೆಡುತ್ತದೆ. ಪ್ರತಿ ವರ್ಷ ಒಂದೊಂದು ವಾರ ಹಿಂದಕ್ಕೆ ಸರಿಯುವ ಈ ದಿನಾಂಕವೇ ನಿಮ್ಮ ಅಧ್ಯಾಯಗಳ ಶೀರ್ಷಿಕೆಯಾಗಬಹುದು.

ಮುಂದಿನದು ಬೆಳೆ. ತೆಂಗು ಉಪ್ಪನ್ನು ಒಂದಷ್ಟು ತಾಳಿಕೊಳ್ಳುತ್ತದೆ, ಸಾಮಾನ್ಯ ಭತ್ತ ತಾಳುವುದಿಲ್ಲ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬೆಳೆಯುವ ಕಗ್ಗ ಭತ್ತ ತಾಳುತ್ತದೆ. ಅದರ ಬೀಜಕ್ಕಾಗಿ ಉಡುಪಿಯ ರೈತರು ಕುಮಟಾಕ್ಕೆ ಹೋಗಿ ಸಾಲುಗಟ್ಟುವ ದೃಶ್ಯ ನಿಮ್ಮ ಜಲಪ್ರಳಯಕ್ಕಿಂತ ಗಟ್ಟಿ. ಪೇಟೆಯ ನೀರೂ ಉಂಟು: ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಂಗಳೂರಿಗೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟು. ಕಡಲಕರೆಯ ಬಾವಿಗಳೆಲ್ಲ ಕೆಟ್ಟಾಗ ಆ ನೀರಿಗೆ ಯಾರ ಹಕ್ಕು ಮೊದಲು ಎಂಬ ಜಗಳಕ್ಕೆ ವಿಲನ್ ಬೇಕಾಗಿಲ್ಲ.

ನೆರೆ ಬೇಕೇ ಬೇಕೆಂದಿದ್ದರೆ ದಿನ ನೋಡಿ ತನ್ನಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಭರತ, ಜೊತೆಗೆ ವಾಯುಭಾರ ಕುಸಿತ (ಒತ್ತಡ 1 ಮಿಲಿಬಾರ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಉಬ್ಬುತ್ತದೆ), ಅದರ ಮೇಲೆ ಘಟ್ಟದಲ್ಲಿ ಸುರಿದ ಮಳೆ. ಮೂರೂ ಒಟ್ಟಿಗೆ ಬಂದ ರಾತ್ರಿ ಅಳಿವೆ ಬಾಗಿಲಲ್ಲಿ ಹೊಳೆಯ ನೀರು ಹೊರಗೆ ಹೋಗಲಾರದೆ ನಿಲ್ಲುತ್ತದೆ. ಮಟ್ಟ ಅರ್ಧ ಮೀಟರ್ ಏರಿದ ಕಾಲಕ್ಕೆ ಇಂಥ ರಾತ್ರಿಗಳು ಪದೇ ಪದೇ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲೇ ಕಟ್ಟಿರುತ್ತವೆ ಎಂಬುದನ್ನೂ ಮರೆಯಬೇಡಿ. ಜುಲೈಯಲ್ಲಿ ನಿಮ್ಮ ತಾಂಡೇಲನನ್ನು (ಬೋಟು ನಡೆಸುವವನನ್ನು) ಆಳಸಮುದ್ರಕ್ಕೆ ಕಳಿಸಿದರೆ ಮಲ್ಪೆಯ ಓದುಗ ಪುಸ್ತಕ ಮುಚ್ಚಿಡುತ್ತಾನೆ.

ಕಲ್ಪನೆಗೆ ಲೈಸೆನ್ಸ್ ಬೇಡ, ಆದರೆ ಸುಳ್ಳು ಒಂದೇ ಇರಲಿ ಮತ್ತು ಅದು ಎಲ್ಲಿದೆ ಎಂದು ನಿಮಗೆ ಗೊತ್ತಿರಲಿ. ಆರ್ಥರ್ ಕ್ಲಾರ್ಕ್ ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’ (1979) ಬರೆಯುವಾಗ ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟಬೇಕಿತ್ತು. ಅದರ ಬುಡ ಭೂಮಧ್ಯರೇಖೆಯ ಮೇಲೆ ಬೇಕು, ತಾನು ವಾಸವಿದ್ದ ಶ್ರೀಲಂಕಾ ಅಲ್ಲಿಲ್ಲ. ದ್ವೀಪವನ್ನೇ 800 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿ, ಸರಿಸಿದ್ದೇನೆ ಎಂದು ಹೇಳಿಯೇ ಬರೆದರು. ಆ ಧೈರ್ಯ ಇರಲಿ.

ಹೈಸ್ಕೂಲಿನ ಗ್ರಂಥಾಲಯಕ್ಕೆ, ಮತ್ತು ನನಗೂ, ಒಳ್ಳೆಯ ವೈಜ್ಞಾನಿಕ ಕಾದಂಬರಿಗಳನ್ನು ಸೂಚಿಸಿ. ಬರೀ ಪಟ್ಟಿ ಬೇಡ, ಏಕೆ ಎಂದೂ ಹೇಳಿ.
(ಶಿಕ್ಷಕಿ, ಕುಂದಾಪುರ)

ಮಕ್ಕಳಿಗೆ ‘ಕರ್ವಾಲೊ’ದಿಂದ ಶುರು ಮಾಡಿ ಟೀಚರ್. ತೇಜಸ್ವಿಯವರ 1980ರ ಈ ಕಾದಂಬರಿ ಕಟ್ಟುನಿಟ್ಟಾಗಿ ಸೈಫೈ ಅಲ್ಲ. ಆದರೆ ವಿಜ್ಞಾನಿಯೊಬ್ಬ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಹಾರುವ ಓತಿಯ ಬೆನ್ನುಹತ್ತುವ ರೀತಿಯಲ್ಲಿ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದು ಪಾಠವಾಗದೆ ಬಂದಿದೆ. ನೇರ ಸೈಫೈ ಬೇಕಾದರೆ ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮತ್ತು ಮನು, ಇಬ್ಬರನ್ನೂ ಹುಡುಕಿ. ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ವಿಜ್ಞಾನದ ಕಣ್ಣಿನಿಂದ ನೋಡುತ್ತದೆ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ಪಾತ್ರ ಪರಿಚಯಿಸಬೇಕಾಗಿಲ್ಲ, ಜಗಳಕ್ಕೂ ಒಳ್ಳೆಯ ವಿಷಯ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರದ್ದು ಚರಿತ್ರೆ, ವಿಜ್ಞಾನ ಬೆರೆತ ಪತ್ತೇದಾರಿ ದಾರಿ. ‘ಕರಿಸಿರಿಯಾನ’ ಹಿಡಿದರೆ ಬಿಡುವುದಿಲ್ಲ, ಯಾವುದು ದಾಖಲೆ ಯಾವುದು ಕಲ್ಪನೆ ಎಂದು ಮಕ್ಕಳಿಂದಲೇ ವಿಂಗಡಿಸಿ.

ಇಂಗ್ಲಿಷ್ ಓದುವ ಹತ್ತನೆಯವರಿಗೆ ಆ್ಯಂಡಿ ವೀರ್ ಅವರ ‘ದಿ ಮಾರ್ಷಿಯನ್’. ಮಂಗಳದಲ್ಲಿ ಒಂಟಿಯಾದವನು ಆಲೂಗಡ್ಡೆ ಬೆಳೆದು ದಿನ ಎಣಿಸುವ ಕಥೆ, ಪುಟಪುಟಕ್ಕೂ ಕೂಡು ಕಳೆ ಲೆಕ್ಕ. ಬೈಗುಳ ಇದೆ, ನೋಡಿಕೊಂಡು ಕೊಡಿ. ತಪ್ಪು ಹುಡುಕುವ ಆಟವನ್ನೂ ಆಡಿಸಬಹುದು: ಕಥೆ ಆರಂಭವಾಗುವ ಬಿರುಗಾಳಿಯೇ ಅಸಾಧ್ಯ. ಮಂಗಳದ ವಾಯುಒತ್ತಡ ನಮ್ಮದರ ಶೇಕಡಾ 1ಕ್ಕಿಂತ ಕಡಿಮೆ, ಅಲ್ಲಿನ ಗಾಳಿಗೆ ನೌಕೆ ಬೀಳಿಸುವ ಶಕ್ತಿ ಇಲ್ಲ. ಲೇಖಕರು ಇದನ್ನು ಒಪ್ಪಿಕೊಂಡಿದ್ದಾರೆ.

ನಿಮಗೆ ಸ್ತಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ (1961). ಇಡೀ ಸಮುದ್ರವೇ ಒಂದು ಜೀವಿ, ಮನುಷ್ಯರು ಎಷ್ಟು ವರ್ಷ ತಡಕಿದರೂ ಅದು ಅರ್ಥವಾಗುವುದಿಲ್ಲ. ಕಡಲಕರೆಯವರಿಗೆ ಇದು ಬೇಗ ಒಳಗಿಳಿಯುತ್ತದೆ. ಕೊಳ್ಳುವಾಗ ಅನುವಾದ ನೋಡಿ. ಹಳೆಯ ಇಂಗ್ಲಿಷ್ ಆವೃತ್ತಿ ಫ್ರೆಂಚಿನಿಂದ ಬಂದದ್ದು, ಪೋಲಿಷ್‌ನಿಂದ ನೇರ ಅನುವಾದಿಸಿದವರು ಬಿಲ್ ಜಾನ್ಸ್ಟನ್. ಲಿಯು ತ್ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಂ’ 2015ರಲ್ಲಿ ಹ್ಯೂಗೊ ಪಡೆಯಿತು. ಪಾತ್ರಗಳು ತೆಳು, ಯೋಚನೆ ದೊಡ್ಡದು. ಆರಂಭದ ಸಾಂಸ್ಕೃತಿಕ ಕ್ರಾಂತಿಯ ಭಾಗದಲ್ಲಿ ಹಲವರು ಸುಸ್ತಾಗುತ್ತಾರೆ, ಅದನ್ನು ಹಾರಿಸಿದರೆ ಮುಂದಿನ ದ್ರೋಹಕ್ಕೆ ಕಾರಣವೇ ಸಿಗುವುದಿಲ್ಲ. ಒಂದೇ ಒಂದು ಕೊಳ್ಳುವಷ್ಟು ಹಣವಿದ್ದರೆ ಇವೆರಡನ್ನೂ ಬಿಟ್ಟು ಅರ್ಸುಲಾ ಲೆಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕೊಳ್ಳಿ. ಗಂಡು ಹೆಣ್ಣೆಂಬ ಸ್ಥಿರ ಭೇದವಿಲ್ಲದ ಜನ ಎಂಬ ಒಂದೇ ಊಹೆಯಿಂದ ಅಲ್ಲಿನ ರಾಜಕೀಯ, ಮರ್ಯಾದೆ, ಮನೆತನ ಎಲ್ಲ ಹೇಗೆ ಬದಲಾಗುತ್ತದೆ ಎಂದು ಅವರು ತೋರಿಸಿದ್ದಾರೆ.

ರೋಬಾಟ್ ತುಳು ಮಾತಾಡಿದರೆ ತಮಾಷೆ ಆಗುವುದಿಲ್ಲವೇ? ಬ್ಲ್ಯಾಕ್ ಹೋಲ್‌ಗೆ ಯಾವ ಪದ ಬಳಸಲಿ?
(ಓದುಗರು, ಕಿನ್ನಿಗೋಳಿ)

ಯಾರಿಗೆ ಎಂಥ ಮರ್ಯಾದೆ ಎಂದು ರೋಬಾಟಿಗೆ ಗೊತ್ತಿಲ್ಲದಿದ್ದರೆ ತಮಾಷೆ, ಗೊತ್ತಿದ್ದರೆ ಕಥೆ. ಬೋಟಿನ ಮಾಲಕರಿಗೆ ‘ಎಂಚ ಉಲ್ಲರ್’ (ಹೇಗಿದ್ದೀರಿ) ಎನ್ನುತ್ತಿದ್ದ ಯಂತ್ರ ಒಂದು ಬೆಳಿಗ್ಗೆ ‘ಎಂಚ ಉಲ್ಲ’ (ಹೇಗಿದ್ದಿ) ಎಂದರೆ ಏನೋ ಬದಲಾಗಿದೆ ಎಂದು ಓದುಗರಿಗೆ ಬೆನ್ನುಹುರಿಯಲ್ಲಿ ತಿಳಿಯುತ್ತದೆ. ಇಂಗ್ಲಿಷಿನವರಿಗೆ ಈ ಅನುಕೂಲ ಇಲ್ಲ.

ಪದದ ವಿಷಯ: ಕಪ್ಪುಕುಳಿ, ಕೃಷ್ಣರಂಧ್ರ ಎರಡೂ ಚಾಲ್ತಿಯಲ್ಲಿವೆ. ಪಾತ್ರ ನೋಡಿ ಆರಿಸಿ, ಆರಿಸಿದ ಮೇಲೆ ಬದಲಿಸಬೇಡಿ.

ಕಥೆಯಲ್ಲಿ ಬಾಹ್ಯಾಕಾಶ ನೌಕೆಯನ್ನು ಗಿರಗಿರ ತಿರುಗಿಸಿ ಗುರುತ್ವ ತರಿಸಿದ್ದೇನೆ. ತ್ರಿಜ್ಯ 10 ಮೀಟರ್ ಸಾಕೇ?
(ವಿದ್ಯಾರ್ಥಿನಿ, ಮಣಿಪಾಲ)

ಸಾಲದು. ಭೂಮಿಯಷ್ಟೇ ಗುರುತ್ವ ಬೇಕಾದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ ವರ್ಗದಿಂದ 894 ಅನ್ನು ಭಾಗಿಸಿ, ಬಂದದ್ದು ತ್ರಿಜ್ಯ, ಮೀಟರ್‌ಗಳಲ್ಲಿ. ಎರಡು ಸುತ್ತಿಗೆ ಸುಮಾರು 223, ನಾಲ್ಕಕ್ಕೆ 56. ನಿಮ್ಮ 10 ಮೀಟರಿಗೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕು. ನಿಂತವರ ಪಾದದಲ್ಲಿ ಪೂರ್ತಿ ಗುರುತ್ವ, ತಲೆಯಲ್ಲಿ ಶೇಕಡಾ 83. ತಲೆ ತಿರುಗಿಸಿದರೆ ವಾಂತಿ, ಚಾ ಎತ್ತಿ ಹೊಯ್ದರೆ ಗ್ಲಾಸಿನ ಪಕ್ಕಕ್ಕೆ. ಈ ಕೊನೆಯದನ್ನು ಮಾತ್ರ ದೊಡ್ಡ ನೌಕೆಯಲ್ಲೂ ಸ್ವಲ್ಪ ಉಳಿಸಿಕೊಳ್ಳಿ, ಚೆಂದ ಇರುತ್ತದೆ.

ಪ್ರಕಾಶಕರು ‘ಎಲ್ಲ ಹಕ್ಕುಗಳೂ ನಮ್ಮದು’ ಎಂಬ ಒಂದು ಹಾಳೆಗೆ ಸಹಿ ಕೇಳುತ್ತಿದ್ದಾರೆ. ಹಾಕಲೇ?
(ಓದುಗರು, ಬಂಟ್ವಾಳ)

ಹಾಗೆಯೇ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಕೃತಿ, ಹಕ್ಕು, ಅವಧಿ, ಪ್ರದೇಶ, ಗೌರವಧನ ಬರಹದಲ್ಲಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಅರ್ಥ. ಆದ್ದರಿಂದ ಖಾಲಿ ಜಾಗಕ್ಕಿಂತ ‘ಶಾಶ್ವತವಾಗಿ’ ಎಂಬ ಪದಕ್ಕೆ ಹೆದರಿ. ಮುದ್ರಣದ ಹಕ್ಕು ಮಾತ್ರ ಕೊಟ್ಟು ಇ-ಪುಸ್ತಕ, ಆಡಿಯೊ, ಅನುವಾದ, ಸಿನೆಮಾ ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆಸಿ.

ಗೌರವಧನ ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದು ಬಂದ ಹಣದ ಮೇಲೋ ಎಂದು ಕೇಳಿ. 200 ರೂಪಾಯಿಯ ಪುಸ್ತಕ ಶೇಕಡಾ 40 ರಿಯಾಯಿತಿಯಲ್ಲಿ ಹೋದರೆ ಪ್ರತಿಗೆ 20 ರೂಪಾಯಿಯ ಬದಲು 12 ಸಿಗುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪ್ರತಿಗಳಿಗೂ ಗೌರವಧನ ಉಂಟೆಂದು ಬರೆಸಿ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಾದರೂ ಹಣ ಕೇಳಿದರೆ, ಅದನ್ನು ನಮ್ಮ ದೇಶದಲ್ಲಿ ಸರಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ ಎನ್ನಿ.

ಅನ್ಯಗ್ರಹದ ನೌಕೆಗಳೆಲ್ಲ ಅಮೆರಿಕದಲ್ಲೇ ಏಕೆ ಇಳಿಯುತ್ತವೆ? ಮಂಗಳೂರಿನ ಪಿಲಿಕುಳದಲ್ಲಿ ಇಳಿಸಿದರೆ ಓದುಗರು ನಗುತ್ತಾರಾ?
(ಓದುಗರು, ವಾಮಂಜೂರು)

ಇಳಿಸಿ. ತಿಂಗಳು ಮಾತ್ರ ಯೋಚಿಸಿ ಆರಿಸಿ. ಜನವರಿಯಲ್ಲಾದರೆ ಆಕಾಶ ಶುಭ್ರ, ಮೂಡುಬಿದಿರೆವರೆಗೂ ಎಲ್ಲರ ಮೊಬೈಲಿನಲ್ಲೂ ವೀಡಿಯೊ. ಜುಲೈಯಲ್ಲಾದರೆ ಮೋಡ ದಟ್ಟ, ಸಿಡಿಲಿನ ಸದ್ದೆಂದು ಸುಮ್ಮನಿರುತ್ತಾರೆ. ಪಿಲಿಕುಳದ ತಾರಾಲಯದೊಳಗೆ ಶಾಲಾ ಮಕ್ಕಳು ತ್ರೀಡಿ ಕನ್ನಡಕ ಹಾಕಿ ಗುಮ್ಮಟದ ಮೇಲಿನ ನಕ್ಷತ್ರ ನೋಡುತ್ತಿರುತ್ತಾರೆ, ಹೊರಗೆ ಕೊಡೆ ಹಿಡಿದು ನಿಂತ ಬಸ್ ಡ್ರೈವರ್ ಒಬ್ಬರೇ ಸಾಕ್ಷಿ.