ಕಾಲ್ಮನ್ ಫಿಲ್ಟರ್ ಬಿಟ್ಟು ನ್ಯೂರಲ್ ನೆಟ್‌ವರ್ಕ್ ಹಿಡಿಯಬೇಕಾ?

ಶಿವಮೊಗ್ಗದಲ್ಲಿ ಕೂತು ಟ್ರ್ಯಾಕ್‌ಎಂಎಲ್ ಡೇಟಾದ ಮೇಲೆ ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟ್. ಕಾಲ್ಮನ್ ಫಿಲ್ಟರ್ ಅರ್ಧಕ್ಕರ್ಧ ಟ್ರ್ಯಾಕ್, ಅಂದರೆ ಕಣಗಳು ಸಾಗಿದ ದಾರಿ, ಬಿಟ್ಟುಬಿಡುತ್ತಿದೆ. ಗ್ರಾಫ್ ನ್ಯೂರಲ್ ನೆಟ್‌ವರ್ಕ್‌ಗೆ ಹೋಗಲಾ, ಅದರ ತರಬೇತಿಗೆ ಜಿಪಿಯು ಬಾಡಿಗೆಗೆ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ಹೊಸನಗರದ ಕಡೆಯವನು. ಊರೊಂದು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆ. ನಾನು ಹೋದೆ, ಬಾಡಿಗೆಗೂ ತಗೊಂಡೆ. ದುಡ್ಡು ಹೋಯಿತು, ಟ್ರ್ಯಾಕ್ ಸಿಗಲಿಲ್ಲ.

ವಿಷಯ ಗೊತ್ತಿಲ್ಲದೆ ಓದುತ್ತಿರುವವರಿಗೆ ಎರಡು ಮಾತು. ಟ್ರ್ಯಾಕ್‌ಎಂಎಲ್ ಅಂದರೆ 2018ರಲ್ಲಿ ಕ್ಯಾಗಲ್ ಅನ್ನುವ ಡೇಟಾ ಸ್ಪರ್ಧೆಗಳ ತಾಣದಲ್ಲಿ ಶುರುವಾದ ಸ್ಪರ್ಧೆ. ಮುಂದೆ ಎಲ್‌ಎಚ್‌ಸಿಯಲ್ಲಿ (ಸರ್ನ್‌ನ ಕಣ ಡಿಕ್ಕಿ ಯಂತ್ರ) ಒಂದೇ ಸಲಕ್ಕೆ 200ರಷ್ಟು ಪ್ರೋಟಾನ್ ಡಿಕ್ಕಿಗಳಾದಾಗ ಡಿಟೆಕ್ಟರ್‌ಗೆ ಏನು ಕಾಣಬಹುದೋ ಅದನ್ನು ಕಂಪ್ಯೂಟರಿನಲ್ಲೇ ತಯಾರಿಸಿ ಕೊಟ್ಟಿದ್ದಾರೆ. ಒಂದು ಈವೆಂಟಿನಲ್ಲಿ, ಅಂದರೆ ಇಂಥ ಒಂದು ಸಲದಲ್ಲಿ, ಸುಮಾರು 1,00,000 ಹಿಟ್‌ಗಳು (ಕಣ ಡಿಟೆಕ್ಟರಿನ ಪದರ ತಾಕಿದ ಗುರುತುಗಳು), ಸುಮಾರು 10,000 ಕಣಗಳು. ಯಾವ ಹಿಟ್ ಯಾವ ಕಣದ್ದು ಅಂತ ಜೋಡಿಸಬೇಕು, ಅಷ್ಟೇ.

ನಾನು ಕೋಡ್ ಬರೆದದ್ದು ಮನೆಯಲ್ಲೇ, ಮಳೆಗಾಲದಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಬಂದಾಗ ಬಂತು. ಅದಕ್ಕೇ ದೊಡ್ಡ ಈವೆಂಟ್ ಓಡಿಸುವ ಗೋಜಿಗೆ ಹೋಗದೆ ಪುಟ್ಟ ಟೆಸ್ಟ್ ಒಂದನ್ನು ಮಾಡಿಕೊಂಡಿದ್ದೆ. ಈವೆಂಟಿಗೆ ಒಂದೇ ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಭಾರದ ಕಣ), 10 ಜಿಇವಿ (ಕಣದ ಶಕ್ತಿಯ ಅಳತೆ). ಲ್ಯಾಪ್‌ಟಾಪ್ ಬ್ಯಾಟರಿ ಸಾಯುವುದರೊಳಗೆ ಉತ್ತರ ಬರುತ್ತಿತ್ತು, ಹೆಚ್ಚುಕಮ್ಮಿ ಎಲ್ಲ ಟ್ರ್ಯಾಕೂ ಸಿಗುತ್ತಿತ್ತು. ಕೋಡ್ ಸರಿ ಇದೆ ಅಂದುಕೊಂಡೆ.

ನನ್ನನ್ನು ಮುಳುಗಿಸಿದ್ದು ಆ ಮ್ಯೂಆನೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕಾಲ್ಮನ್ ಫಿಲ್ಟರ್ ಒಂದೊಂದೇ ಪದರ ದಾಟುತ್ತ ಹೋಗುತ್ತದೆ. ಮುಂದಿನ ಪದರದಲ್ಲಿ ಕಣ ಎಲ್ಲಿ ಬೀಳಬಹುದು ಅಂತ ಊಹಿಸುತ್ತದೆ. ಆ ಊಹೆ ಎಷ್ಟು ತಪ್ಪಿರಬಹುದು ಅನ್ನುವ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ. ಒಂದೊಂದು ಹಿಟ್ ಸಿಕ್ಕಾಗಲೂ ಅದರ ಧೈರ್ಯ ಹೆಚ್ಚುತ್ತದೆ. ಆದರೆ ಕಣ ಪದರವನ್ನು ತೂರಿ ಹೋಗುವಾಗ ಒಳಗಿನ ನ್ಯೂಕ್ಲಿಯಸ್‌ಗಳು ಅದನ್ನು ಆಚೀಚೆ ಚೂರುಚೂರು ತಳ್ಳುತ್ತವೆ. ಇದೇ ಮಲ್ಟಿಪಲ್ ಸ್ಕ್ಯಾಟರಿಂಗ್. ಹಾಗಾಗಿ ಪದರ ದಾಟಿದಾಗೆಲ್ಲ ಫಿಲ್ಟರಿನ ಧೈರ್ಯವನ್ನು ಒಂದಿಷ್ಟು ಇಳಿಸಬೇಕು, ಅಂದರೆ ಕೋವೇರಿಯನ್ಸ್‌ಗೆ (ಆ ತಪ್ಪಿನ ಲೆಕ್ಕಕ್ಕೆ) ಒಂದಿಷ್ಟು ಸೇರಿಸಬೇಕು. ನಾನು ಆ ಜಾಗದಲ್ಲಿ ಸೊನ್ನೆ ಹಾಕಿದ್ದೆ. ಸಿಲಿಕಾನ್ 0.3 ಮಿ.ಮೀ. ದಪ್ಪ, ಅದೇನು ತಳ್ಳೀತು ಅನ್ನುವ ಸಸಾರ.

ಲೆಕ್ಕ ನೋಡಿ. ಪದರ ಅಂದರೆ ಬರೀ ಸಿಲಿಕಾನ್ ಅಲ್ಲ. ಕೇಬಲ್, ತಂಪು ಮಾಡುವ ಪೈಪ್, ಆಧಾರದ ಚೌಕಟ್ಟು ಎಲ್ಲ ಸೇರಿ ರೇಡಿಯೇಶನ್ ಲೆಂಥ್‌ನ (ವಸ್ತು ಕಣವನ್ನು ಎಷ್ಟು ತಳ್ಳೀತು ಅಂತ ಲೆಕ್ಕ ಹಾಕಲು ಬಳಸುವ ದಪ್ಪದ ಅಳತೆ) 2% ಅಂತಿಟ್ಟುಕೊಳ್ಳಿ. 10 ಜಿಇವಿ ಕಣ ಅದನ್ನು ದಾಟಿ 10 ಸೆಂ.ಮೀ. ಮುಂದೆ ಹೋದರೆ ದಾರಿ ತಪ್ಪುವುದು 16 ಮೈಕ್ರಾನ್ ಆಸುಪಾಸು. ಪಿಕ್ಸೆಲ್ ಸೆನ್ಸರ್ ಹೇಳುವ ಜಾಗವೇ 10-20 ಮೈಕ್ರಾನ್ ಆಚೀಚೆ ಇರುತ್ತದಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಅದೇ 0.5 ಜಿಇವಿ ಕಣವಾದರೆ 300 ಮೈಕ್ರಾನ್‌ಗೂ ಜಾಸ್ತಿ! ಕೋಟೆ ಮಾರಿಕಾಂಬಾ ಜಾತ್ರೆಯ ಗುಂಪಿನಲ್ಲಿ ಗಟ್ಟಿ ಆಳು ನುಗ್ಗಿಕೊಂಡು ನೇರ ಹೋಗುತ್ತಾನೆ, ಸಣ್ಣ ಹುಡುಗ ಎಲ್ಲೋ ಹೋಗಿ ನಿಲ್ಲುತ್ತಾನಲ್ಲ, ಹಾಗೆ. ನನ್ನ ಫಿಲ್ಟರ್ ಹುಡುಗನನ್ನು ಆಳಿನ ದಾರಿಯಲ್ಲಿ ಹುಡುಕುತ್ತಿತ್ತು. ಸರಿಯಾದ ಹಿಟ್ ಕಣ್ಣೆದುರೇ ಇದ್ದರೂ ಅದರ ಕೈ ಸ್ಕ್ವೇರ್ (ಹಿಟ್ ಊಹೆಗೆ ಎಷ್ಟು ಹೊಂದುವುದಿಲ್ಲ ಅನ್ನುವ ಅಂಕಿ) ನೂರು ದಾಟುತ್ತಿತ್ತು. ನಾನು ಇಟ್ಟ ಮಿತಿ ಹತ್ತು. ಎಲ್‌ಎಚ್‌ಸಿ ಡಿಕ್ಕಿಗಳಲ್ಲಿ ಹುಟ್ಟುವ ಕಣಗಳಲ್ಲಿ 1 ಜಿಇವಿಗಿಂತ ಕೆಳಗಿನವೇ ಜಾಸ್ತಿ. ಅವೇ ಹೋಗಿಬಿಟ್ಟರೆ ಉಳಿಯುವುದೇನು?

ಆಗ ಇದು ಹೊಳೆಯಲಿಲ್ಲ. ಮಿತಿಯನ್ನು ಸಡಿಲ ಮಾಡಿದೆ. ಕಳೆದುಹೋದವು ಕೆಲವು ಬಂದವು, ಜೊತೆಗೆ ಸುಳ್ಳು ಟ್ರ್ಯಾಕ್‌ಗಳ ದಂಡೇ ಬಂತು, ಯಾಕೆಂದರೆ ಗಟ್ಟಿ ಕಣಗಳಿಗೂ ಅದೇ ಸಡಿಲ ಮಿತಿ. ನೀವೂ ಇದನ್ನು ಮಾಡಿ ನೋಡಿರುತ್ತೀರಿ, ಅಲ್ವಾ?

ಆಮೇಲೆ ನೀವು ಕೇಳಿದ ದಾರಿಯನ್ನೇ ಹಿಡಿದೆ. ಗ್ರಾಫ್ ನೆಟ್‌ವರ್ಕಿಗೆ ಮೊದಲು ಗ್ರಾಫ್ ಕಟ್ಟಬೇಕು, ಅಂದರೆ ಹಿಟ್‌ಗಳ ನಡುವೆ ಗೆರೆ ಎಳೆದು ಕೊಡಬೇಕು, ನಿಜವಾದ ಗೆರೆಗಳನ್ನು ನೆಟ್‌ವರ್ಕ್ ಆರಿಸುತ್ತದೆ. ಯಾವ ಹಿಟ್‌ನಿಂದ ಯಾವ ಹಿಟ್‌ಗೆ ಗೆರೆ ಎಳೆಯಬಹುದು ಅನ್ನುವುದಕ್ಕೆ ಕೋನದ ಮಿತಿ ಹಾಕಬೇಕು, ಇಲ್ಲದಿದ್ದರೆ ಗೆರೆಗಳು ಕೋಟಿಗಟ್ಟಲೆ ಆಗುತ್ತವೆ. ಆ ಮಿತಿಯನ್ನೂ ನಾನು ಹೊಂದಿಸಿದ್ದು 10 ಜಿಇವಿ ಮ್ಯೂಆನ್ ಇಟ್ಟುಕೊಂಡೇ. 2 ಟೆಸ್ಲಾ ಮ್ಯಾಗ್ನೆಟ್ಟಿನಲ್ಲಿ ಅದರ ದಾರಿಯ ತ್ರಿಜ್ಯ 16 ಮೀಟರಿಗೂ ಜಾಸ್ತಿ, ನೋಡಲು ಗೆರೆ ಎಳೆದ ಹಾಗೆ. 0.5 ಜಿಇವಿಯದ್ದು 83 ಸೆಂ.ಮೀ., ಚೆನ್ನಾಗಿ ಬಾಗುತ್ತದೆ. ಅದರ ಗೆರೆಗಳು ಗ್ರಾಫಿಗೆ ಸೇರಲೇ ಇಲ್ಲ. ಇಲ್ಲದ ಗೆರೆಯನ್ನು ಯಾವ ನೆಟ್‌ವರ್ಕ್ ತಾನೇ ಆರಿಸೀತು? ತಿಂಗಳುಗಟ್ಟಲೆ ತರಬೇತಿ ಕೊಟ್ಟೆ. ಅಡಿಕೆ ಕೊಯ್ಲು ಶುರುವಾಗಿ, ಅಂಗಳದಲ್ಲಿ ಸುಲಿಯಲು ಕೂತವರೆಲ್ಲ "ಮಾಣಿ ಇನ್ನೂ ಎಂತ ಗುದ್ದುತ್ತಾ ಇದ್ದಾನೆ" ಅಂತ ಕೇಳುವ ಹಾಗಾಯಿತು.

ಕೊನೆಗೆ ಸೀನಿಯರ್ ಅಕ್ಕ ಒಬ್ಬರಿಗೆ ಫೋನ್ ಮಾಡಿದೆ. "ಯಾವ ಪಿಟಿಗೆ ಎಷ್ಟು ಸಿಗ್ತಿದೆ? ಪ್ಲಾಟ್ ಕಳಿಸು" ಅಂದರು. (ಪಿಟಿ ಅಂದರೆ ಕಣದ ಸಂವೇಗದಲ್ಲಿ ಪ್ರೋಟಾನ್ ಬೀಮ್‌ಗೆ ಅಡ್ಡವಾಗಿರುವ ಭಾಗ.) ಹಾಕಿಲ್ಲ ಅಕ್ಕಾ ಅಂದೆ. "ಮತ್ತೆ ಇಷ್ಟು ದಿನ ಎಂತ ನೋಡ್ತಾ ಇದ್ದೆ ಮಾರಾಯ?"

ಪ್ಲಾಟ್ ಹಾಕಿದೆ. ಬಲಗಡೆ ಚಪ್ಪಟೆ, 1 ಜಿಇವಿ ಕೆಳಗೆ ಕಮರಿ. ಕಣ ಎಷ್ಟು ಕೋನ ತಿರುಗೀತು ಅಂತ ಅಂದಾಜಿಸುವ ಹೈಲ್ಯಾಂಡ್ ಸೂತ್ರ ಹಾಕಿ ಸ್ಕ್ಯಾಟರಿಂಗ್ ಸೇರಿಸಿದ್ದು ಬೆರಳೆಣಿಕೆಯ ಸಾಲುಗಳ ಕೋಡ್. ಕಮರಿ ಬಹುಪಾಲು ತುಂಬಿತು, ಮಿತಿಯನ್ನು ಮತ್ತೆ ಬಿಗಿ ಮಾಡಿದ ಮೇಲೂ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಕಾಲ್ಮನ್ ಬೇಕಾ ನೆಟ್‌ವರ್ಕ್ ಬೇಕಾ ಅನ್ನುವುದು ಜಗಳವೇ ಅಲ್ಲ. ನೆಟ್‌ವರ್ಕ್ ಹಿಟ್‌ಗಳನ್ನು ಗುಂಪು ಮಾಡಿ ಕೊಟ್ಟರೂ, ಆ ಗುಂಪಿನಿಂದ ಕಣದ ಸಂವೇಗ ಲೆಕ್ಕ ಹಾಕಲು ಸಾಮಾನ್ಯವಾಗಿ ಮತ್ತೆ ಕಾಲ್ಮನ್‌ಗೇ ಬರುತ್ತಾರೆ. ಈ ಕೆಲಸಕ್ಕೆ ಅದನ್ನು ಫ್ರೂವಿರ್ಟ್ ಅನ್ನುವ ಭೌತವಿಜ್ಞಾನಿ 1987ರಲ್ಲೇ ಅಳವಡಿಸಿ ತೋರಿಸಿದ್ದರು, ಇವತ್ತಿಗೂ ಎಲ್‌ಎಚ್‌ಸಿಯ ದೊಡ್ಡ ಪ್ರಯೋಗಗಳಾದ ಸಿಎಂಎಸ್, ಅಟ್ಲಾಸ್ ಎರಡೂ ಕಡೆ ಅದೇ ಓಡುತ್ತಿದೆ. ನಿಮ್ಮದರಲ್ಲಿ ಸ್ಕ್ಯಾಟರಿಂಗ್ ಸೇರಿಸಿಯೂ ಇರಬಹುದು. ಆದರೂ ಪುಲ್ ನೋಡಿ, ಅಂದರೆ ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಫಿಲ್ಟರ್ ಹೇಳುವ ಅನಿಶ್ಚಿತತೆಯಿಂದ ಭಾಗಿಸಿ. ಅದರ ಅಗಲ 1ರ ಹತ್ತಿರ ಇರಬೇಕು. ಕಡಿಮೆ ಪಿಟಿಯಲ್ಲಿ 3, 4 ಬಂದರೆ ಪದರದ ದಪ್ಪ ಕಮ್ಮಿ ಹಾಕಿದ್ದೀರಿ ಅಂತಲೇ ಹೆಚ್ಚಿನ ಮಟ್ಟಿಗೆ ಅರ್ಥ.

ಪಿಟಿ ಪ್ಲಾಟ್ ಚಪ್ಪಟೆಯಾಗೇ ಇದ್ದರೆ ನನ್ನ ರೋಗ ನಿಮಗಿಲ್ಲ. ಆಗ ಕಣ ಹುಟ್ಟಿದ ಜಾಗ ಬೀಮ್‌ನಿಂದ ಎಷ್ಟು ದೂರ ಅನ್ನುವುದರ ಎದುರು ಅದೇ ಪ್ಲಾಟ್ ಹಾಕಿ. ಸೀಡ್ ಮಾಡುವಾಗ (ಕೆಲವೇ ಹಿಟ್‌ಗಳಿಂದ ಟ್ರ್ಯಾಕ್ ಶುರು ಮಾಡುವಾಗ) ಎಲ್ಲ ಟ್ರ್ಯಾಕೂ ಬೀಮ್‌ನಿಂದಲೇ ಹೊರಡಬೇಕು ಅಂತ ಹಟ ಹಿಡಿದಿದ್ದರೆ, ಕೆ-ಶಾರ್ಟ್, ಲ್ಯಾಮ್ಡಾದಂಥ ಕಣಗಳು ದೂರ ಹೋಗಿ ಒಡೆದು ಹುಟ್ಟಿಸಿದ ಪಯಾನ್ ಕಣಗಳು ಸಿಗುವುದೇ ಇಲ್ಲ. ಅದಕ್ಕೆ ಸಿಎಂಎಸ್‌ನವರ ಉಪಾಯ ಚೆನ್ನಾಗಿದೆ: ಮೊದಲ ಸುತ್ತಿನಲ್ಲಿ ಸುಲಭದ ಟ್ರ್ಯಾಕ್ ಹುಡುಕಿ ಅವುಗಳ ಹಿಟ್‌ಗಳನ್ನು ತೆಗೆದುಬಿಡುತ್ತಾರೆ, ಉಳಿದದ್ದರಲ್ಲಿ ಸಡಿಲ ಸೀಡ್ ಇಟ್ಟು ಮತ್ತೆ ಹುಡುಕುತ್ತಾರೆ. ಇದಿಷ್ಟಕ್ಕೂ ನಿಮ್ಮ ಲ್ಯಾಪ್‌ಟಾಪ್ ಸಾಕು. ಎರಡೂ ಪ್ಲಾಟ್ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಜಿಪಿಯುಗೆ ದುಡ್ಡು ಕಟ್ಟಬೇಡಿ.