ಪಿಕಾಸಿಗೆ ಮ್ಯಾಗ್ನೆಟ್ ಅಂಟಿಸಲು ಯಾವ ಅಂಟು ಒಳ್ಳೆಯದು? ಎನ್52 ಬೇಕಾ, ಎನ್42 ಸಾಕಾ?

ಅಂಟಿನ ಮಾತು ಆಮೇಲೆ. ಮೊದಲು ಮ್ಯಾಗ್ನೆಟ್ಟನ್ನು ಪಿಕಾಸಿಯ ತಲೆಗೆ ಹಾಕುವ ಯೋಚನೆ ಬಿಡಿ.

ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್ ಹಿಡಿದ ಹೊಸದರಲ್ಲಿ ನಾನೂ ಇದೇ ಎನ್52, ಎನ್42 ಅಂತ ತಲೆ ಕೆಡಿಸಿಕೊಂಡಿದ್ದೆ. ಇವು ನಿಯೋಡಿಮಿಯಮ್ ಮ್ಯಾಗ್ನೆಟ್ಟಿನ ದರ್ಜೆಗಳು, ಅಂಕಿ ಹೆಚ್ಚಿದ್ದರೆ ಬಲ ಹೆಚ್ಚು. ಕೊನೆಗೆ ಎನ್52 ಬಿಲ್ಲೆಯನ್ನೇ ತಂದು, ಪಿಕಾಸಿ ತಲೆಯ ಮೇಲೆ, ಕಾವು ತೂರುವ ಕಣ್ಣಿನ ಪಕ್ಕ ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಮೊದಮೊದಲು ಖುಷಿಯೋ ಖುಷಿ. ಅಗೆದ ಮಣ್ಣಿನ ರಾಶಿಯಲ್ಲಿ ಒಮ್ಮೆ ಆಡಿಸಿದರೆ ಮೊಳೆ, ತಂತಿ ಚೂರು ಎಲ್ಲ ಬಂದು ಅಂಟುತ್ತಿದ್ದವು. ಬೆರಳಲ್ಲಿ ಕೆದಕಿ ಹುಡುಕುವ ಕಷ್ಟವೇ ಇಲ್ಲ.

ಒಂದು ಗುಂಡಿಯಲ್ಲಿ ಕಲ್ಲು ಅಡ್ಡ ಬಂತು. ಪಿಕಾಸಿ ತಿರುಗಿಸಿ ತಲೆಯಿಂದಲೇ ಎರಡು ಏಟು ಹಾಕಿದೆ. ಕಲ್ಲು ಸಡಿಲವಾಯಿತು, ಮುಂದೆ ಅಗೆದೆ. ಅಗೆದಷ್ಟೂ ಡಿಟೆಕ್ಟರ್ ಸದ್ದು ಜಾಸ್ತಿ! ದೊಡ್ಡದೇನೋ ಇದೆ ಅಂತ ಮೊಣಕೈ ಮುಳುಗುವಷ್ಟು ತೋಡಿದೆ. ಸದ್ದು ಒಮ್ಮೆ ಗುಂಡಿಯಲ್ಲಿ, ಒಮ್ಮೆ ರಾಶಿಯಲ್ಲಿ. ಪುಡಿ ಮಾಡೋಣ ಅಂತ ಒಂದು ಕಪ್ಪು ಹೆಂಟೆ ಕೈಗೆ ತೆಗೆದುಕೊಂಡೆ. ಅದು ಟಕ್ ಅಂತ ಹಾರಿ ಪಿಕಾಸಿಗೆ ಅಂಟಿಕೊಂಡಿತು. ಅದು ನನ್ನದೇ ಮ್ಯಾಗ್ನೆಟ್ಟಿನ ಚೂರು, ಮೈತುಂಬ ಕಬ್ಬಿಣದ ಮರಳು ಮೆತ್ತಿಕೊಂಡಿತ್ತು. ಅಷ್ಟು ಹೊತ್ತೂ ನಾನು ಹುಡುಕುತ್ತಿದ್ದದ್ದು ಅದನ್ನೇ. ಮೊದಲು ಕೇಳಿಸಿದ ಅಸಲಿ ಸಿಗ್ನಲ್ ಆ ಗದ್ದಲದಲ್ಲಿ ಸಿಗಲೇ ಇಲ್ಲ.

ನಿಯೋಡಿಮಿಯಮ್ ಮ್ಯಾಗ್ನೆಟ್ ಉಕ್ಕಿನ ಹಾಗೆ ಹೊಳೆಯುತ್ತದೆ, ಆದರೆ ಪಿಂಗಾಣಿ ಬಟ್ಟಲಿನ ಹಾಗೆ ಒಡೆಯುತ್ತದೆ. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ್ದು ಅದು. ಹೊಳಪೆಲ್ಲ ಮೇಲಿನ ತೆಳು ನಿಕಲ್ ಲೇಪದ್ದು. ಎಪಾಕ್ಸಿ ಹಿಡಿಯುವುದೂ ಆ ಲೇಪವನ್ನೇ. ಏಟಿಗೆ ಅದು ಸಿಪ್ಪೆಯಂತೆ ಎದ್ದರೆ ಎಂಥ ಅಂಟಿದ್ದರೂ ಅಷ್ಟೇ. ನಾನಂತೂ ನೇರವಾಗಿ ಏಟೇ ಕೊಟ್ಟೆ ಅನ್ನಿ. ಆದರೆ ಬರೀ ಅಗೆದರೂ ಪ್ರತಿ ಏಟಿನ ಅದುರು ಮೊದಲು ತಾಗುವುದು ತಲೆಗೇ ಅಲ್ವಾ? ಬಿರುಕು ಬಿಟ್ಟರೆ ತೇವ ಒಳಗೆ ಇಳಿದು ತುಕ್ಕು ಹಿಡಿಯುತ್ತದೆ. ವೆಲ್ಡಿಂಗ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಾಮಾನ್ಯ ನಿಯೋಡಿಮಿಯಮ್‌ಗೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಇಳಿಯಲು ಶುರು.

ಈಗ ನನ್ನದು ಕಾವಿನ ತುದಿಯಲ್ಲಿದೆ. ಮರದಲ್ಲಿ ಬಿಲ್ಲೆಯ ಅಳತೆಗೆ ಗುಳಿ ಕೊರೆದು, ಎಪಾಕ್ಸಿ ಹಾಕಿ, ಮೇಲೆ ಪ್ಲಾಸ್ಟಿಕ್ ಪೈಪಿನ ಮುಚ್ಚಳ ಹಾಕಿದ್ದೇನೆ. ಎನ್42 ಧಾರಾಳವಾಗಿ ಸಾಕು. ಮುಚ್ಚಳ ಮಾತ್ರ ಬಿಡಬೇಡಿ. ಬರಿಯ ಮ್ಯಾಗ್ನೆಟ್ಟಿಗೆ ಮೆತ್ತಿದ ಕಪ್ಪು ಮರಳು ಒರೆಸಿದರೂ ಹೋಗುವುದಿಲ್ಲ. ಮುಚ್ಚಳವಿದ್ದರೆ ಅದನ್ನು ಕಿತ್ತರೆ ಸಾಕು, ಎಲ್ಲ ಉದುರುತ್ತದೆ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಪಿಕಾಸಿಯನ್ನು ಸೊಂಟಕ್ಕೆ ಸಿಕ್ಕಿಸಿದರೆ ಕಾವಿನ ತುದಿ ಡಿಟೆಕ್ಟರಿನ ಕಾಯಿಲ್ (ನೆಲದ ಮೇಲೆ ಆಡಿಸುವ ಬಿಲ್ಲೆ) ಹತ್ತಿರ ಬಂದು ಸುಮ್ನೆ ಕೂಗಿಸುತ್ತದೆ. ಡಿಟೆಕ್ಟರ್ ಹಿಡಿಯದ ಕೈಯ ಕಡೆಗೆ ಸಿಕ್ಕಿಸಿ. ಗುಂಡಿಯೊಳಗೆ ವಸ್ತು ಎಲ್ಲಿದೆ ಅಂತ ತೋರಿಸುವ ಕೈ ಡಿಟೆಕ್ಟರ್, ಅಂದರೆ ಪಿನ್‌ಪಾಯಿಂಟರನ್ನೂ ದೂರ ಇಡಿ. ಅದರೊಳಗೆ ಸಾಮಾನ್ಯವಾಗಿ ಫೆರೈಟ್ (ಮ್ಯಾಗ್ನೆಟ್ಟಿಗೆ ಸ್ಪಂದಿಸುವ ಕಬ್ಬಿಣದ ಆಕ್ಸೈಡಿನ) ಕಡ್ಡಿ ಇರುತ್ತದೆ, ಮ್ಯಾಗ್ನೆಟ್ ಹತ್ತಿರ ಬಂದರೆ ಅಳತೆ ತಪ್ಪುತ್ತದೆ.

ಇನ್ನೊಂದು, ಅಂಟಿದ್ದೆಲ್ಲ ಕಸ ಅಂತ ಎಸೆಯಬೇಡಿ. ಹೆಚ್ಚಿನ ಉಲ್ಕಾಶಿಲೆಗಳು ಅಂಟುತ್ತವೆ. ಚಿನ್ನ ಅಂಟುವುದಿಲ್ಲ, ಆದರೆ ಚಿನ್ನ ಕಚ್ಚಿಕೊಂಡ ಕಬ್ಬಿಣದ ಕಲ್ಲು ಅಂಟಬಹುದು. ಪೂರ್ತಿ ತುಕ್ಕಾದ ಹಳೇ ಮೊಳೆಯೋ, ಮ್ಯಾಗ್ನೆಟ್ಟಿಗೆ ಬರುವುದೇ ಕಷ್ಟ. ಹಾಗಾಗಿ ಮುಚ್ಚಳ ಕಿತ್ತು ಉದುರಿಸಿದ್ದನ್ನು ಒಂದು ಡಬ್ಬಿಗೆ ಹಾಕಿಕೊಳ್ಳಿ, ಮನೆಗೆ ಬಂದು ತೊಳೆದು ನೋಡಿ.